ನೀಲಗಿರಿ ಎಣ್ಣೆ, ಕರ್ಪೂರ, 'ಇಮ್ಯೂನಿಟಿ': ಈ ಗೊಂದಲ ಎಲ್ಲಿಂದ ಬಂತು?

ನೀಲಗಿರಿ ಎಣ್ಣೆಯಿಂದ ಫಿಟ್ಸ್ ಬರಬಹುದು ಎಂದು ಬೆಂಗಳೂರಿನ ನರರೋಗ ತಜ್ಞರು ಕೆಲವು ವರ್ಷಗಳಿಂದ ಹೇಳುತ್ತಿದ್ದಾರೆ. ಮೊಡವೆಗೆ ಹಚ್ಚುವ ಟೀ ಟ್ರೀ ಎಣ್ಣೆಯನ್ನು ಸಂತಾನಶಕ್ತಿಗೆ ಹಾನಿ ಮಾಡಬಲ್ಲ ಪದಾರ್ಥಗಳ ಪಟ್ಟಿಗೆ ಸೇರಿಸಬೇಕು ಎಂದು ಯುರೋಪಿನ ತಜ್ಞರ ಸಮಿತಿ 2023ರಲ್ಲಿ ಅಭಿಪ್ರಾಯ ಕೊಟ್ಟಿತು. ಇನ್ನೊಂದು ಕಡೆ, ಜರ್ಮನಿಯಲ್ಲಿ ನೀಲಗಿರಿ ಎಣ್ಣೆಯ ಮುಖ್ಯ ಅಂಶವನ್ನೇ ಕ್ಯಾಪ್ಸೂಲ್ ಮಾಡಿ ಉಸಿರಾಟದ ಕಾಯಿಲೆಯವರಿಗೆ ಕೊಡುತ್ತಾರೆ. ಇದರ ಮಧ್ಯೆ ಆನ್‌ಲೈನ್ ಅಂಗಡಿಗಳಲ್ಲಿ ಇಂಥ ಎಣ್ಣೆಗಳ ಪುಟ್ಟ ಬಾಟಲಿಗಳು 'ಇಮ್ಯೂನಿಟಿ ಬೂಸ್ಟರ್' ಎಂದು ಬರೆಸಿಕೊಂಡು ಮಾರಾಟವಾಗುತ್ತಿವೆ.

ಓದುವವರಿಗೆ ತಲೆ ಕೆಡುವುದು ಸಹಜ. ಔಷಧಿಯೋ, ವಿಷವೋ, ಏನಾದರೂ ಒಂದು ಹೇಳಬಾರದೇ? ಆದರೆ ಇವುಗಳಲ್ಲಿ ಮೊದಲ ಮೂರೂ ಒಟ್ಟಿಗೇ ನಿಜವಾಗಿರಬಹುದು. ಪ್ರಶ್ನೆ ಇರುವುದು ನಾಲ್ಕನೆಯದರ ಬಗ್ಗೆ. ಎಷ್ಟು ಪ್ರಮಾಣ, ದೇಹದೊಳಗೆ ಯಾವ ದಾರಿಯಿಂದ ಹೋಯಿತು, ಯಾರ ದೇಹ ಎಂಬ ವಿವರಗಳು ಸುದ್ದಿಯ ತಲೆಬರಹದಲ್ಲಿ ಉದುರಿಹೋಗುತ್ತವೆ. ಗೊಂದಲದ ಬಹುಪಾಲು ಹುಟ್ಟುವುದು ಅಲ್ಲೇ.

ಹೆಸರು ಎಣ್ಣೆ, ಗುಣ ಬೇರೆ

ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆಗಳು ಕೊಬ್ಬು. ನೀಲಗಿರಿ, ಲವಂಗ, ಲ್ಯಾವೆಂಡರ್ ಎಣ್ಣೆಗಳಲ್ಲಿ ಕೊಬ್ಬು ಇರುವುದಿಲ್ಲ. ಎಲೆ, ಮೊಗ್ಗು, ಹೂವುಗಳಿಗೆ ಹಬೆ ಹಾಯಿಸಿ ಬಟ್ಟಿ ಇಳಿಸಿದಾಗ ಸಿಗುವ, ಗಾಳಿಗೆ ಆರಿಹೋಗುವ ಸಣ್ಣ ಸಣ್ಣ ಅಣುಗಳ ಮಿಶ್ರಣ ಅದು. ಇಂಥವಕ್ಕೆ ಸುಗಂಧ ತೈಲ ಎನ್ನುತ್ತಾರೆ. ನೀಲಗಿರಿಯಲ್ಲಿ 1,8-ಸಿನಿಯೋಲ್ ಎಂಬುದೇ ಮುಖ್ಯ. ಔಷಧಿಗೆ ಬಳಸುವ ಎಣ್ಣೆಯಲ್ಲಿ ಅದು ಸಾಮಾನ್ಯವಾಗಿ ಶೇ. 70ಕ್ಕಿಂತ ಜಾಸ್ತಿ ಇರುತ್ತದೆ. ಲವಂಗದಲ್ಲಿ ಯೂಜಿನಾಲ್, ಓಮದಲ್ಲಿ ಥೈಮಾಲ್. ಗಿಡಗಳಿಗೆ ಹುಳು, ಶಿಲೀಂಧ್ರಗಳನ್ನು ದೂರ ಇಡಲು ಇವು ಬೇಕು.

ಈ ಅಣುಗಳು ಚಿಕ್ಕವು, ಕೊಬ್ಬಿನಲ್ಲಿ ಚೆನ್ನಾಗಿ ಕರಗುವಂಥವು. ಹಾಗಾಗಿ ಚರ್ಮ, ಮೂಗಿನ ಒಳಪದರ, ಶ್ವಾಸಕೋಶ ದಾಟಿ ರಕ್ತಕ್ಕೆ ಸೇರುವುದು ಸುಲಭ. ಮೆದುಳಿಗೆ ಇರುವ ರಕ್ಷಣೆಯ ಗೋಡೆಯನ್ನೂ ಇವು ದಾಟುತ್ತವೆ. ಹಚ್ಚಿದ ಕೂಡಲೇ ಕೆಲಸ ಶುರುವಾಗುವುದಕ್ಕೂ, ಜಾಸ್ತಿಯಾದಾಗ ಮೆದುಳಿಗೆ ತೊಂದರೆ ಕೊಡುವುದಕ್ಕೂ ಕಾರಣ ಒಂದೇ.

ಪ್ರಮಾಣದ ಲೆಕ್ಕವನ್ನೂ ಮರೆಯುವಂತಿಲ್ಲ. ಸಾರಿಗೆ ಹಾಕುವ ಎರಡು ಲವಂಗಕ್ಕೂ ಒಂದು ಚಮಚ ಲವಂಗದ ಎಣ್ಣೆಗೂ ಹೋಲಿಕೆಯೇ ಇಲ್ಲ. ಸುಮಾರು 10 ಮಿಲಿಲೀಟರ್ ಲವಂಗದ ಎಣ್ಣೆ ಕುಡಿದ ಪುಟ್ಟ ಮಕ್ಕಳಲ್ಲಿ ಯಕೃತ್ತು ಗಂಭೀರವಾಗಿ ಹಾನಿಗೊಂಡ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ನೋವಿನ ಮುಲಾಮುಗಳಲ್ಲಿ ಇರುವ ವಿಂಟರ್‌ಗ್ರೀನ್ ಎಣ್ಣೆಯದು ಇನ್ನೂ ಹೆದರಿಕೆಯ ಲೆಕ್ಕ. ಶುದ್ಧ ಎಣ್ಣೆ 5 ಮಿಲಿಲೀಟರ್ ಎಂದರೆ 325 ಮಿಲಿಗ್ರಾಂನ ಸುಮಾರು 20 ಆಸ್ಪಿರಿನ್ ಮಾತ್ರೆಗೆ ಸಮ.

ಫಿಟ್ಸ್ ಬಗ್ಗೆ ವೈದ್ಯರು ಹೇಳುತ್ತಿರುವುದೇನು?

ಇದು ಹೊಸ ವಿಷಯವೇ ಅಲ್ಲ. 1934ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಲಾಡಿಸ್ಲಾಸ್ ಮೆಡುನಾ ಎಂಬ ಮನೋವೈದ್ಯರು ಸ್ಕಿಝೊಫ್ರೀನಿಯಾ ರೋಗಿಗಳಿಗೆ ಎಣ್ಣೆಯಲ್ಲಿ ಕರಗಿಸಿದ ಕರ್ಪೂರದ ಇಂಜೆಕ್ಷನ್ ಕೊಟ್ಟರು. ಬೇಕೆಂದೇ ಫಿಟ್ಸ್ ಬರಿಸುವುದು ಅವರ ಉದ್ದೇಶವಾಗಿತ್ತು. ಫಿಟ್ಸ್ ಬಂದರೆ ಮನೋರೋಗ ಕಡಿಮೆಯಾಗುತ್ತದೆ ಎಂಬ ಲೆಕ್ಕಾಚಾರ. ಕರ್ಪೂರ ನಿಧಾನ, ಒಂದೊಂದು ಸಲ ಕೆಲಸವನ್ನೇ ಮಾಡುವುದಿಲ್ಲ ಎಂದು ಆಮೇಲೆ ಬೇರೆ ರಾಸಾಯನಿಕಕ್ಕೆ ಬದಲಾದರು. ಕರ್ಪೂರ ಮೆದುಳನ್ನು ಕೆರಳಿಸುತ್ತದೆ ಎಂಬುದು ವೈದ್ಯಲೋಕಕ್ಕೆ ಅಷ್ಟು ಹಿಂದೆಯೇ ಗೊತ್ತಿತ್ತು.

ಮಕ್ಕಳ ವಿಷಯದಲ್ಲಿ ಸಾಕ್ಷ್ಯ ಗಟ್ಟಿಯಾಗಿದೆ. ಒಂದು ಗ್ರಾಂನಷ್ಟು ಕರ್ಪೂರ ಹೊಟ್ಟೆಗೆ ಹೋಗಿ ಎಳೆ ಮಕ್ಕಳು ಸತ್ತದ್ದಿದೆ. ಪೂಜೆಗೆ ಇಡುವ ಕೆಲವೇ ಬಿಲ್ಲೆಗಳಲ್ಲಿ ಅಷ್ಟು ಇರುತ್ತದೆ. ನುಂಗಿದ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಶುರುವಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕರ್ಪೂರ ಬೆರೆಸಿದ ಎಣ್ಣೆಯನ್ನು 1982ರಲ್ಲೇ ಮಾರುಕಟ್ಟೆಯಿಂದ ತೆಗೆಸಿತು. ಮೈಗೆ ಹಚ್ಚುವ ಮುಲಾಮುಗಳಲ್ಲಿ ಕರ್ಪೂರ ಶೇ. 11 ಮೀರಬಾರದು ಎಂದು ಮಿತಿ ಹಾಕಿತು. ನಮ್ಮಲ್ಲಿ ಶೀತವಾದ ಕೂಸಿನ ಎದೆಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಬಿಸಿ ಮಾಡಿ ಹಚ್ಚುವ ರೂಢಿ ಇನ್ನೂ ಇದೆ. ಅದೂ ಕರ್ಪೂರ ಬೆರೆಸಿದ ಎಣ್ಣೆಯೇ. ವ್ಯತ್ಯಾಸ ಎಂದರೆ ಮನೆಯಲ್ಲಿ ಮಾಡಿದ್ದಕ್ಕೆ ಶೇಕಡಾವಾರು ಲೆಕ್ಕ ಇರುವುದಿಲ್ಲ. ಎಷ್ಟು ಬಿಲ್ಲೆ ಹಾಕಿದರೋ ಅಷ್ಟು. ಕೂಸಿನ ಚರ್ಮ ತೆಳು, ತೂಕಕ್ಕೆ ಹೋಲಿಸಿದರೆ ಮೈಯ ವಿಸ್ತಾರ ಜಾಸ್ತಿ. ಈ ಅಣುಗಳನ್ನು ಒಡೆದು ಹೊರಹಾಕುವ ಯಕೃತ್ತು ಇನ್ನೂ ಪೂರ್ತಿ ಪಳಗಿರುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬೇಡಿ ಎಂದು ಬಾಮ್ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಇರುವುದು ಇದಕ್ಕೇ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಥಾಮಸ್ ಮ್ಯಾಥ್ಯೂ ಮತ್ತು ಸಂಗಡಿಗರು ಎತ್ತಿದ ಪ್ರಶ್ನೆ ದೊಡ್ಡವರ ಬಗ್ಗೆ. ನೀಲಗಿರಿ ಎಣ್ಣೆಯನ್ನು ಮೂಸಿ ಫಿಟ್ಸ್ ಬಂದ ಪ್ರಕರಣಗಳನ್ನು ಅವರು 2017ರಲ್ಲಿ ಪ್ರಕಟಿಸಿದರು. 2021ರಲ್ಲಿ ಬಂದ ಅವರ ದೊಡ್ಡ ಅಧ್ಯಯನ ಹಲವು ಆಸ್ಪತ್ರೆಗಳಲ್ಲಿ ನಾಲ್ಕು ವರ್ಷ ನಡೆದಿತ್ತು. ಫಿಟ್ಸ್ ಎಂದು ಬಂದ 350 ಮಂದಿಯಲ್ಲಿ 55 ಮಂದಿಗೆ ಸುಗಂಧ ತೈಲದ ನಂಟು ಕಾಣಿಸಿತು. ಅವರಲ್ಲಿ 22 ಮಂದಿಗೆ ಫಿಟ್ಸ್‌ನ ಹಿನ್ನೆಲೆಯೇ ಇರಲಿಲ್ಲ. ಉಳಿದ 33 ಮಂದಿ ಮೊದಲೇ ಅಪಸ್ಮಾರ ಇದ್ದವರು. ನೀಲಗಿರಿ ಮತ್ತು ಕರ್ಪೂರವೇ ಮುಖ್ಯ ಆರೋಪಿಗಳು.

ಇದನ್ನು ಓದುವಾಗ ಎರಡೂ ಕಡೆಯ ಮಾತು ಕೇಳಬೇಕು. ನಮ್ಮ ಕಡೆ ಬಾಮ್ ಹಚ್ಚದ ಮನೆ ಎಲ್ಲಿದೆ? ಫಿಟ್ಸ್ ಬಾರದ 350 ಮಂದಿಯನ್ನು ಕೇಳಿದರೂ ಅವರಲ್ಲಿ ಎಷ್ಟೋ ಜನ 'ಹೌದು, ನಿನ್ನೆ ಹಚ್ಚಿದ್ದೆ' ಎನ್ನಬಹುದು. ತಲೆನೋವು ಬಂತೆಂದು ಬಾಮ್ ಹಚ್ಚಿದ್ದು, ಆ ತಲೆನೋವೇ ಬರಲಿರುವ ಫಿಟ್ಸ್‌ನ ಮುನ್ಸೂಚನೆಯೂ ಆಗಿದ್ದಿರಬಹುದು. ಹೋಲಿಸಿ ನೋಡುವ ಗುಂಪು ಇಲ್ಲದೆ ಕಾರಣ ಇದೇ ಎಂದು ಪಟ್ಟು ಹಿಡಿಯಲಾಗದು. ಹಾಗಂತ ತಳ್ಳಿಹಾಕುವುದೂ ಸರಿಯಲ್ಲ. ಕರ್ಪೂರ ಫಿಟ್ಸ್ ತರಿಸಬಲ್ಲದು ಎಂಬುದಕ್ಕೆ ಮೆಡುನಾ ಕಾಲದಿಂದ ಪುರಾವೆ ಇದೆ. ಈ ಅಧ್ಯಯನ ಕೋಟಿಗಟ್ಟಲೆ ಬಾಮ್ ಬಳಕೆದಾರರನ್ನು ಹೆದರಿಸಲು ಸಾಲದು. ಅಪಸ್ಮಾರ ಇರುವವರು ಮತ್ತು ಪುಟ್ಟ ಮಕ್ಕಳನ್ನು ಎಚ್ಚರಿಸಲು ಧಾರಾಳವಾಗಿ ಸಾಕು.

'ಇಮ್ಯೂನಿಟಿ' ಎಂಬ ಮಾರಾಟದ ಮಾತು

2021ರ ಕೋವಿಡ್ ಅಲೆಯ ಹೊತ್ತಿನಲ್ಲಿ ಕರ್ಪೂರ, ಲವಂಗ, ಓಮ ಕಟ್ಟಿದ ಪೊಟ್ಟಣ ಮೂಸಿದರೆ ಆಮ್ಲಜನಕದ ಮಟ್ಟ ಏರುತ್ತದೆ ಎಂಬ ಸಂದೇಶ ದೇಶವೆಲ್ಲ ಸುತ್ತಿತ್ತು. ಮೂಸಿದವರಿಗೆ ಮೂಗು ಬಿಟ್ಟಂತೆ ಆಗಿದ್ದು ಸುಳ್ಳಲ್ಲ. ಕರ್ಪೂರ, ಮೆಂಥಾಲ್, ನೀಲಗಿರಿಯ ಆವಿ ಮೂಗಿನೊಳಗಿನ ತಂಪು ಗುರುತಿಸುವ ನರಗಳನ್ನು ಎಬ್ಬಿಸುತ್ತದೆ. ಮೆದುಳು ಅದನ್ನು 'ಗಾಳಿ ಚೆನ್ನಾಗಿ ಹೋಗುತ್ತಿದೆ' ಎಂದು ಓದಿಕೊಳ್ಳುತ್ತದೆ. ಆದರೆ 1983ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ಸಂಶೋಧಕರು ಮೂಗಿನಲ್ಲಿ ಗಾಳಿಗೆ ಇರುವ ತಡೆಯನ್ನು ಅಳೆದು ನೋಡಿದಾಗ, ಈ ಮೂರೂ ಆವಿಗಳಿಂದ ತಡೆ ಕಡಿಮೆಯಾಗಿರಲಿಲ್ಲ. ಹಾಯೆನಿಸಿದ್ದು ನಿಜ, ಗಾಳಿ ಹೆಚ್ಚಿದ್ದು ಸುಳ್ಳು. ಉಸಿರಾಟದ ತೊಂದರೆ ಏರುತ್ತಿರುವ ರೋಗಿಗೆ ಹೀಗೆ ಹಾಯೆನಿಸುವುದು ಆಸ್ಪತ್ರೆಗೆ ಹೋಗುವುದನ್ನು ತಡ ಮಾಡಿಸಬಹುದು. ಆ ಪೊಟ್ಟಣದ ದೊಡ್ಡ ಅಪಾಯ ಅದೇ ಇತ್ತು.

ರೋಗನಿರೋಧಕ ಶಕ್ತಿ 'ಹೆಚ್ಚಿಸುವ' ವಾದ ಬರುವುದು ಮುಖ್ಯವಾಗಿ ಪ್ರಯೋಗಾಲಯದಿಂದ. ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ ಮೇಲೆ ಎಣ್ಣೆ ಹಾಕಿದರೆ ಅವು ಸಾಯುತ್ತವೆ. ರಕ್ತದ ಬಿಳಿ ಕಣಗಳ ಮೇಲೆ ಹಾಕಿದರೆ ಅವು ಬಿಡುಗಡೆ ಮಾಡುವ ಸಂಕೇತಗಳು ಬದಲಾಗುತ್ತವೆ. ಇವೆಲ್ಲ ಸರಿ. ಆದರೆ ತಟ್ಟೆಯಲ್ಲಿ ಹಾಕಿದಷ್ಟು ಪ್ರಮಾಣ ಎದೆಗೆ ಬಾಮ್ ಹಚ್ಚಿದಾಗ ರಕ್ತಕ್ಕೆ ಸೇರುವುದಿಲ್ಲ. ಸೇರುವಷ್ಟು ಕುಡಿದರೆ ಆಸ್ಪತ್ರೆ ಸೇರಬೇಕಾಗುತ್ತದೆ.

ಇನ್ನೊಂದು ಅಂಶವನ್ನು ಜಾಹೀರಾತುಗಳು ಜಾಣತನದಿಂದ ಬಿಟ್ಟುಬಿಡುತ್ತವೆ. ಇಮ್ಯೂನ್ ವ್ಯವಸ್ಥೆಯ ಮೇಲೆ ಈ ಅಂಶಗಳ ಒಳ್ಳೆಯ ಪರಿಣಾಮ ಎಂದು ಮನುಷ್ಯರಲ್ಲಿ ತೋರಿಸಿದ್ದೂ ಹೆಚ್ಚಾಗಿ ಅದನ್ನು ತಣ್ಣಗಾಗಿಸುವ ಕೆಲಸ, ಏರಿಸುವುದಲ್ಲ. ಜರ್ಮನಿಯಲ್ಲಿ 2003ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ದಿನಾ ಸ್ಟೀರಾಯ್ಡ್ ಮಾತ್ರೆ ನುಂಗಲೇಬೇಕಿದ್ದ 32 ಆಸ್ತಮಾ ರೋಗಿಗಳಲ್ಲಿ ಅರ್ಧ ಜನಕ್ಕೆ 200 ಮಿಲಿಗ್ರಾಂ ಸಿನಿಯೋಲ್ ಕ್ಯಾಪ್ಸೂಲನ್ನು ದಿನಕ್ಕೆ ಮೂರು ಸಲ, 12 ವಾರ ಕೊಟ್ಟರು. ಉಳಿದವರಿಗೆ ಔಷಧಿ ಇಲ್ಲದ ಕ್ಯಾಪ್ಸೂಲ್. ಸಿನಿಯೋಲ್ ಪಡೆದವರಿಗೆ ಸ್ಟೀರಾಯ್ಡ್ ಪ್ರಮಾಣವನ್ನು ಶೇ. 36ರಷ್ಟು ಇಳಿಸಲು ಆಯಿತು, ಇನ್ನೊಂದು ಗುಂಪಿಗೆ ಶೇ. 7 ಮಾತ್ರ. 2009ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವ 242 ಮಂದಿಯಲ್ಲಿ ಆರು ತಿಂಗಳ ಸಿನಿಯೋಲ್‌ನಿಂದ ಕಾಯಿಲೆ ಕೆರಳುವುದು ಕಡಿಮೆಯಾಯಿತು. ಇದಕ್ಕೆ ಸಂಶೋಧಕರು ಕೊಡುವ ಕಾರಣ, ಉರಿಯೂತದ ಸಂಕೇತಗಳನ್ನು ಸಿನಿಯೋಲ್ ತಗ್ಗಿಸುತ್ತದೆ ಎಂಬುದು. ಆಸ್ತಮಾದಲ್ಲಿ ಇಮ್ಯೂನ್ ವ್ಯವಸ್ಥೆ ಮೊದಲೇ ಅತಿಯಾಗಿ ಕೆರಳಿರುತ್ತದೆ. ಅದನ್ನು 'ಬೂಸ್ಟ್' ಮಾಡಿದರೆ ರೋಗಿಗೆ ಒಳ್ಳೆಯದಾಗುವುದು ಹೇಗೆ?

ಆ ಪ್ರಯೋಗಗಳಲ್ಲಿ ಬಳಸಿದ್ದು ಶುದ್ಧೀಕರಿಸಿದ ಒಂದೇ ಅಂಶ, ಕರುಳಿನಲ್ಲಿ ಕರಗುವ ಕ್ಯಾಪ್ಸೂಲ್, ಅಳೆದ ಡೋಸ್, ವೈದ್ಯರ ನಿಗಾ. ಅದರ ಫಲಿತಾಂಶ ತೋರಿಸಿ ಊಟಿಯ ರಸ್ತೆಬದಿಯ ಬಾಟಲಿ ಮಾರುವುದು ನ್ಯಾಯವಲ್ಲ. ಆ ಎಣ್ಣೆಯನ್ನು ಕುಡಿಯುವುದಂತೂ ಅಪಾಯ.

ಬರೀ ವಾಸನೆಯಿಂದ ಏನಾಗುತ್ತದೆ ಎಂಬುದನ್ನೂ ನೋಡಿದ್ದಾರೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 56 ಆರೋಗ್ಯವಂತರಿಗೆ ನಿಂಬೆ, ಲ್ಯಾವೆಂಡರ್ ಮತ್ತು ಬರೀ ನೀರಿನ ವಾಸನೆ ತೋರಿಸಿದರು. ನಿಂಬೆಯಿಂದ ಮನಸ್ಸು ಹಗುರಾಯಿತು. ಆದರೆ ಗಾಯ ಮಾಯುವ ವೇಗದಲ್ಲಿ, ಉರಿಯೂತದ ಸಂಕೇತಗಳಲ್ಲಿ ಲಾಭ ಕಾಣಲಿಲ್ಲ. ಚರ್ಮದ ಮೇಲೆ ಮಾಡಿದ ಒಂದು ಇಮ್ಯೂನ್ ಪರೀಕ್ಷೆಯಲ್ಲಿ ಹೆಚ್ಚು ಪ್ರತಿಕ್ರಿಯೆ ಬಂದದ್ದು ನೀರು ಮೂಸಿದಾಗ!

ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿಯ ಬಗ್ಗೆ ಭಾರತಕ್ಕೂ ನಂಟಿರುವ ಒಂದು ಕಹಿ ಪ್ರಕರಣ ಇದೆ. 2021ರಲ್ಲಿ ಅಮೆರಿಕದ ನಾಲ್ಕು ರಾಜ್ಯಗಳಲ್ಲಿ ನಾಲ್ವರಿಗೆ ಮೆಲಿಯೋಯ್ಡೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ಬಂದು ಇಬ್ಬರು ಸತ್ತರು. ಯಾರೂ ವಿದೇಶಕ್ಕೆ ಹೋದವರಲ್ಲ. ಕೊನೆಗೆ ರೋಗಾಣು ಸಿಕ್ಕಿದ್ದು ಭಾರತದಲ್ಲಿ ತಯಾರಾದ, ಲ್ಯಾವೆಂಡರ್ ಮತ್ತು ಕ್ಯಾಮೊಮೈಲ್ ಪರಿಮಳದ ಅರೋಮಾಥೆರಪಿ ಸ್ಪ್ರೇ ಬಾಟಲಿಯಲ್ಲಿ. ನಮ್ಮ ಉಡುಪಿ–ಮಣಿಪಾಲ ಭಾಗದ ವೈದ್ಯರಿಗೆ ಈ ಕಾಯಿಲೆ ಚೆನ್ನಾಗಿ ಪರಿಚಯ, ಕರಾವಳಿಯ ಮಣ್ಣಿನಲ್ಲಿ ಆ ಬ್ಯಾಕ್ಟೀರಿಯಾ ಇದೆ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಲ್ಯಾವೆಂಡರ್, ಸ್ಪ್ರೇಯಲ್ಲಿ ನೀರು ಬೆರೆತು ತೆಳುವಾದಾಗ ತನ್ನದೇ ಬಾಟಲಿಯನ್ನು ಕಾಯಲಿಲ್ಲ.

ಇಮ್ಯೂನ್ ಪರಿಣಾಮ ನಿಜಕ್ಕೂ ಇದೆ, ಅದರ ಹೆಸರು ಅಲರ್ಜಿ

ಸುಗಂಧ ತೈಲಗಳು ಇಮ್ಯೂನ್ ವ್ಯವಸ್ಥೆಯ ಮೇಲೆ ಮಾಡುವ ಪರಿಣಾಮಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಸಾಬೀತಾಗಿರುವುದು ಚರ್ಮದ ಅಲರ್ಜಿ. ನಿಂಬೆ ಜಾತಿಯಲ್ಲಿರುವ ಲಿಮೋನೀನ್, ಲ್ಯಾವೆಂಡರ್‌ನ ಲಿನಲೂಲ್ ತಾಜಾ ಇದ್ದಾಗ ಹೆಚ್ಚು ಕಾಟ ಕೊಡುವುದಿಲ್ಲ. ಬಾಟಲಿ ತೆರೆದು ಗಾಳಿ ತಾಗುತ್ತಾ ಹೋದಂತೆ ಅವು ಆಮ್ಲಜನಕದೊಂದಿಗೆ ಸೇರಿ ಬೇರೆ ರೂಪ ತಾಳುತ್ತವೆ. ಆ ಹೊಸ ಅಣುಗಳು ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಚರ್ಮದಲ್ಲಿರುವ ಕಾವಲು ಕೋಶಗಳು ಇದನ್ನು 'ಹೊರಗಿನದು' ಎಂದು ಗುರುತಿಸಿ ಹತ್ತಿರದ ದುಗ್ಧಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ಟಿ-ಕೋಶಗಳು ಎಂಬ ಬಿಳಿ ರಕ್ತಕಣಗಳು ಅದನ್ನು ನೆನಪಿಟ್ಟುಕೊಳ್ಳುತ್ತವೆ.

ಈ ಹಂತದಲ್ಲಿ ಹೊರಗೆ ಏನೂ ಕಾಣಿಸುವುದಿಲ್ಲ. ತಿಂಗಳುಗಟ್ಟಲೆ ಆರಾಮಾಗಿ ಹಚ್ಚಿಕೊಂಡವರಿಗೆ ಒಂದು ದಿನ ಇದ್ದಕ್ಕಿದ್ದಂತೆ ಕೆಂಪು ದದ್ದು, ತುರಿಕೆ, ನೀರು ಗುಳ್ಳೆ. ಅದೂ ಹಚ್ಚಿದ ಒಂದೆರಡು ದಿನದ ಮೇಲೆ. ಹಾಗಾಗಿ ಅನುಮಾನ ಎಣ್ಣೆಯ ಮೇಲೆ ಹೋಗುವುದೇ ಇಲ್ಲ, 'ಇಷ್ಟು ದಿನ ಏನೂ ಆಗಿರಲಿಲ್ವಲ್ಲ' ಅಂತಾರೆ. ಒಮ್ಮೆ ಮೂಡಿದ ಈ ನೆನಪು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಅದೇ ಅಂಶ ಸೋಪು, ಕ್ರೀಮು, ಅಗರಬತ್ತಿ, ಸೆಂಟು ಯಾವುದರಲ್ಲಿದ್ದರೂ ತೊಂದರೆ ಮರುಕಳಿಸಬಹುದು. ಖಚಿತವಾಗಲು ಚರ್ಮ ವೈದ್ಯರ ಬಳಿ ಪ್ಯಾಚ್ ಟೆಸ್ಟ್ ಮಾಡಿಸಬೇಕು.

ಯುರೋಪ್ ಈ ಕಾರಣಕ್ಕೇ ಸೌಂದರ್ಯವರ್ಧಕಗಳ ಲೇಬಲ್ ನಿಯಮ ಬಿಗಿ ಮಾಡಿದೆ. ಮೊದಲು ಸುಮಾರು 25 ಸುಗಂಧ ಅಂಶಗಳನ್ನು ಹೆಸರಿಸಿದರೆ ಸಾಕಿತ್ತು. 2023ರ ಹೊಸ ನಿಯಮದಲ್ಲಿ ಆ ಪಟ್ಟಿ 80 ದಾಟಿದೆ. ಹಚ್ಚಿ ಹಾಗೇ ಬಿಡುವ ಕ್ರೀಮಿನಲ್ಲಿ ಶೇ. 0.001 ಮೀರಿದರೂ ಹೆಸರು ಬರೆಯಬೇಕು. ಹೊಸ ಉತ್ಪನ್ನಗಳಿಗೆ ಇದು 2026ರ ಜುಲೈ 31ರಿಂದ, ಮೊದಲೇ ಮಾರುಕಟ್ಟೆಯಲ್ಲಿ ಇರುವವಕ್ಕೆ 2028ರ ಜುಲೈ 31ರಿಂದ ಅನ್ವಯ.

ಟೀ ಟ್ರೀ ಜಗಳ

ಟೀ ಟ್ರೀ ಎಣ್ಣೆಯ ಸುದ್ದಿ ಜನರನ್ನು ಹೆಚ್ಚು ಹೆದರಿಸಿತು. ಪ್ರಯೋಗದ ಪ್ರಾಣಿಗಳಿಗೆ ಬಾಯಿಯ ಮೂಲಕ ಕೊಟ್ಟಾಗ ವೀರ್ಯಾಣುಗಳಿಗೆ ಹಾನಿ ಕಂಡಿತ್ತು. ಅದರ ಮೇಲೆ ಯುರೋಪಿನ ತಜ್ಞರ ಸಮಿತಿ ಅದನ್ನು ಸಂತಾನಶಕ್ತಿಗೆ ಹಾನಿ ಮಾಡಬಲ್ಲ ಪದಾರ್ಥಗಳ '1ಬಿ' ವರ್ಗಕ್ಕೆ ಹಾಕಲು ಹೇಳಿತು. ಈ ಸಮಿತಿ ನೋಡುವುದು ಪದಾರ್ಥಕ್ಕೆ ಹಾನಿ ಮಾಡುವ ಗುಣ ಇದೆಯೇ ಎಂಬುದನ್ನು ಮಾತ್ರ. ಮುಖ ತೊಳೆಯುವ ಜೆಲ್‌ನಲ್ಲಿರುವ ಒಂದೆರಡು ಹನಿಯಿಂದ ಹಾನಿ ಆಗುತ್ತದೆಯೇ ಎಂಬುದು ಬೇರೆ ಲೆಕ್ಕ. ಹೊಲದಲ್ಲಿ ತೆರೆದ ಬಾವಿ ಇದೆ ಎನ್ನುವುದಕ್ಕೂ, ಆ ಹೊಲಕ್ಕೆ ಮಕ್ಕಳು ಆಡಲು ಹೋಗುತ್ತಾರೆ ಎನ್ನುವುದಕ್ಕೂ ಇರುವ ವ್ಯತ್ಯಾಸ ಇದು.

ಆದರೆ ಕಾನೂನಿನಲ್ಲಿ ಇವೆರಡಕ್ಕೂ ಗಂಟು ಇದೆ. 1ಬಿ ವರ್ಗಕ್ಕೆ ಸೇರಿದ ಪದಾರ್ಥವನ್ನು ಯುರೋಪಿನಲ್ಲಿ ಸೌಂದರ್ಯವರ್ಧಕಗಳಿಗೆ ಬಳಸುವಂತಿಲ್ಲ. ಇಂತಿಷ್ಟು ಪ್ರಮಾಣ ಸುರಕ್ಷಿತ ಎಂದು ಇನ್ನೊಂದು ವೈಜ್ಞಾನಿಕ ಸಮಿತಿ ಒಪ್ಪಿದರೆ ಮಾತ್ರ ವಿನಾಯಿತಿ. ಬೆಳೆಗಾರರು, ಉದ್ಯಮದವರು ತಕರಾರು ತೆಗೆದದ್ದು ಇದಕ್ಕೇ. ಫ್ರಾನ್ಸಿನ ಲ್ಯಾವೆಂಡರ್ ಬೆಳೆಗಾರರದು, ಬಲ್ಗೇರಿಯಾದ ಗುಲಾಬಿ ಬೆಳೆಗಾರರದು ಇನ್ನೊಂದು ವಾದ. ನೂರಾರು ಅಂಶಗಳಿರುವ ಎಣ್ಣೆಯಲ್ಲಿ ಒಂದು ಅಂಶ ಕೆಟ್ಟದ್ದೆಂದು ಇಡೀ ಎಣ್ಣೆಗೆ ಅಪಾಯದ ಮುದ್ರೆ ಒತ್ತಬೇಡಿ ಎನ್ನುತ್ತಾರೆ. ಗ್ರಾಹಕ ಸಂಘಟನೆಗಳು ಕೇಳುವ ಪ್ರಶ್ನೆಯೂ ಸರಳ. ಕಾರ್ಖಾನೆಯಲ್ಲಿ ತಯಾರಾದ ಲಿನಲೂಲ್‌ಗೆ ಇರುವ ನಿಯಮ ಹೊಲದ ಲಿನಲೂಲ್‌ಗೆ ಯಾಕೆ ಬೇಡ? ಅಣು ಒಂದೇ ಅಲ್ವಾ? 2024ರಲ್ಲಿ ತಿದ್ದಿದ ಯುರೋಪಿನ ಕಾನೂನು ಸದ್ಯಕ್ಕೆ ಸಸ್ಯಜನ್ಯ ತೈಲಗಳಿಗೆ ರಿಯಾಯಿತಿ ಕೊಟ್ಟು, ಮುಂದೆ ಮರುಪರಿಶೀಲನೆ ಎಂದಿದೆ. ಇದರಲ್ಲಿ ವಿಜ್ಞಾನಕ್ಕಿಂತ ರೈತರ ಒತ್ತಡವೇ ಹೆಚ್ಚು ಕೆಲಸ ಮಾಡಿದೆ ಎನ್ನದೆ ವಿಧಿಯಿಲ್ಲ.

ನಮ್ಮಲ್ಲಿ ಏನಾಗಬಹುದು?

ಭಾರತದಲ್ಲಿ ನೀಲಗಿರಿ, ಕರ್ಪೂರ ಇರುವ ಹಲವು ಬಾಮ್‌ಗಳು ಆಯುರ್ವೇದ ಔಷಧಿಯ ಪರವಾನಗಿಯಲ್ಲಿ ಬರುತ್ತವೆ. ಡಿಫ್ಯೂಸರ್‌ಗೆ ಹಾಕುವ ಎಣ್ಣೆಗಳು ಬರೀ ಪರಿಮಳದ ಸಾಮಾನು ಎಂದು ಮಾರಾಟವಾಗುತ್ತವೆ. ಒಂದೇ ಅಣುವಿಗೆ ಒಂದೊಂದು ಬಾಗಿಲಲ್ಲಿ ಒಂದೊಂದು ನಿಯಮ.

ಜಾಹೀರಾತಿನ ಕಥೆಯೂ ಹೀಗೇ. ಆಯುಷ್ ಔಷಧಿಗಳ ಜಾಹೀರಾತಿಗೆ ಮೊದಲೇ ಅನುಮತಿ ಪಡೆಯಬೇಕು ಎಂದು 2018ರಲ್ಲಿ ನಿಯಮ 170 ತಂದರು. 2024ರ ಜುಲೈಯಲ್ಲಿ ಕೇಂದ್ರ ಸರ್ಕಾರ ಅದನ್ನು ಕೈಬಿಡುವ ಅಧಿಸೂಚನೆ ಹೊರಡಿಸಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಆ ಪ್ರಕರಣವನ್ನೇ ಮುಗಿಸಿತು. ಅಮೆರಿಕದಲ್ಲಿ 2014ರಲ್ಲಿ, ತಮ್ಮ ತೈಲ ಎಬೋಲಾ ವಾಸಿ ಮಾಡುತ್ತದೆ ಎಂದು ಮಾರಾಟಗಾರರು ಹೇಳಿಕೊಂಡಾಗ ಎಫ್‌ಡಿಎ ಆ ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ಅಲ್ಲೂ ಆಮೇಲೆ ಮಾತಿನ ಧಾಟಿ ಬದಲಾಯಿತೇ ಹೊರತು ವ್ಯಾಪಾರ ನಿಲ್ಲಲಿಲ್ಲ. ಕಾಯಿಲೆಯ ಹೆಸರು ಹೇಳಿದರೆ ಕಾನೂನಿಗೆ ಸಿಕ್ಕಿಬೀಳುತ್ತಾರೆ. 'ಇಮ್ಯೂನಿಟಿ' ಎಂದರೆ ಯಾವ ಕಾಯಿಲೆಯ ಹೆಸರೂ ಅಲ್ಲ, ಅಳೆದು ಸುಳ್ಳೆಂದು ತೋರಿಸುವುದೂ ಕಷ್ಟ. ಆ ಪದ ಅಷ್ಟು ಜನಪ್ರಿಯವಾಗಿರುವುದು ಸುಮ್ನೆ ಅಲ್ಲ.

ಲೇಬಲ್ ಮತ್ತು ಮುಚ್ಚಳದ ವಿಷಯದಲ್ಲಿ ಮಾತ್ರ ಹೆಚ್ಚು ವಾದ ಇಲ್ಲದೆ ಮಾಡಬಹುದಾದ ಕೆಲಸ ಇದೆ. ನೀಲಗಿರಿ ಮರದ ತವರು ಆಸ್ಟ್ರೇಲಿಯಾದಲ್ಲಿ ಶುದ್ಧ ನೀಲಗಿರಿ ಎಣ್ಣೆ ವಿಷಗಳ ಪಟ್ಟಿಯಲ್ಲಿದೆ. ಮಕ್ಕಳ ಕೈಗೆ ತೆರೆದುಕೊಳ್ಳದ ಮುಚ್ಚಳ ಅಲ್ಲಿ ಕಡ್ಡಾಯ. ಇಲ್ಲಿ ಅದೇ ಎಣ್ಣೆ ಮಾಮೂಲಿ ತಿರುಪು ಮುಚ್ಚಳದ ಬಾಟಲಿಯಲ್ಲಿ, ಕೆಮ್ಮಿನ ಸಿರಪ್ಪಿನ ಪಕ್ಕದಲ್ಲೇ ಇರುತ್ತದೆ. ಮಗು ಇಂಥದ್ದನ್ನು ಕುಡಿದರೆ ವಾಂತಿ ಮಾಡಿಸಬಾರದು. ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಭಯ ಒಂದಾದರೆ, ವಾಂತಿಯ ನಡುವೆಯೇ ಫಿಟ್ಸ್ ಬರುವ ಭಯ ಇನ್ನೊಂದು. ಬಾಟಲಿಯನ್ನೂ ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ ಓಡಬೇಕು.

ಬೆಂಗಳೂರಿನ ಸಂಶೋಧಕರು ತಮ್ಮ ವೃತ್ತಿಯವರನ್ನು ಕೇಳುತ್ತಿರುವುದೂ ಇಂಥದ್ದೇ ಒಂದು ಚಿಕ್ಕ ಕೆಲಸ. ಮೊದಲ ಸಲ ಫಿಟ್ಸ್ ಬಂದವರನ್ನು, ಔಷಧಿಗೆ ಬಗ್ಗದೆ ಮತ್ತೆ ಮತ್ತೆ ಫಿಟ್ಸ್ ಬರುವವರನ್ನು 'ಬಾಮ್ ಹಚ್ಚಿದ್ರಾ, ನೀಲಗಿರಿ ಮೂಸಿದ್ರಾ, ಕರ್ಪೂರ ಏನಾದ್ರೂ ಬಳಸಿದ್ರಾ' ಎಂದು ಕೇಳಿ ನೋಡಿ ಎನ್ನುತ್ತಾರೆ. ಕಾರಣ ಅದೇ ಆಗಿದ್ದರೆ, ಎಣ್ಣೆ ನಿಲ್ಲಿಸಿದರೆ ಸಾಕಾಗುವ ಒಬ್ಬರು ವರ್ಷಗಟ್ಟಲೆ ಫಿಟ್ಸ್ ಮಾತ್ರೆ ನುಂಗುವುದು ತಪ್ಪಬಹುದು.